ಆಲ್ಬರ್ಟೀನ್ ಕಳೆದುಕೊಂಡ ಹೆಸರು

ಸಮಾಧಿಯ ಕಲ್ಲಿಗೆಂದು ದೊಡ್ಡಮ್ಮನ ಹುಟ್ಟಿದ ದಿನ ಕೇಳಿ ಬರೆದಿದ್ದಕ್ಕೆ, ಕೆನಡಾದ ಕ್ವಿಬೆಕ್‌ನಲ್ಲಿನ ಮನೆತನದ ಹಳೆಯ ಊರಿನ ಚರ್ಚಿನಿಂದ ಬಂದ ಪತ್ರವನ್ನು ನೋಯೆಲಾ ನಾಲ್ಕನೇ ಸಲ ಓದಿದಳು. ಡೆಲ್ಫೀನ್ ಪೊಮರ್ಲೋ 1896ರಲ್ಲಿ, ಆರನೇ ವಯಸ್ಸಿಗೆ, ಗಂಟಲುಬೇನೆಯಿಂದ ತೀರಿಕೊಂಡಿದ್ದಾಳೆ ಎಂದಿತ್ತು. ಆದರೆ ಡೆಲ್ಫೀನ್ ದೊಡ್ಡಮ್ಮನನ್ನು ಅಮೆರಿಕದ ಮೇನ್‌ನ ಈ ಗಿರಣಿ ಊರಿನಲ್ಲಿ ಹೋದ ಏಪ್ರಿಲ್‌ನಲ್ಲಷ್ಟೇ, 1978ರಲ್ಲಿ, ಮಣ್ಣು ಮಾಡಿ ಬಂದಿದ್ದರು. ನಲವತ್ತೇಳು ವರ್ಷ ನೂಲುವ ಯಂತ್ರಗಳ ನಡುವೆ ಓಡಾಡಿ ಕಡಿದ ಎಳೆಗಳನ್ನು ಸೇರಿಸಿದವಳು. ಮದುವೆಯಾಗದೆ, ತಾಯಿಯಿಲ್ಲದ ನೋಯೆಲಾಳನ್ನು ಸಾಕಿದವಳು. ಹಾಗಾದರೆ ಅವಳು ಯಾರು?

ಸಮಾಧಿಯ ಕಲ್ಲು ಕೆತ್ತುವ ಓನೆಸಿಮ್ ಸಂಜೆಯೊಳಗೆ ಹೆಸರು ತಿಳಿಸಲು ಹೇಳಿದ್ದ. ನೋಯೆಲಾಳಿಗೆ ಕುಳಿತಲ್ಲಿ ಕೂರಲಾಗಲಿಲ್ಲ. ಕೋಟು ಏರಿಸಿಕೊಂಡು, ದೊಡ್ಡಮ್ಮನ ಅಕ್ಕತಂಗಿಯರಲ್ಲಿ ಉಳಿದಿದ್ದ ಕೊನೆಯವಳಾದ ಕ್ಲೇರೀನಾ ಚಿಕ್ಕಮ್ಮನ ಮನೆಗೆ ಹೋದಳು. ಅಲ್ಲೂ ಅಡುಗೆಮನೆಯಲ್ಲಿ ಒಲೆಯ ಸುತ್ತ ಸುಳಿದಾಡಿದಳು.

"ಹಿಂಗೆ ಗಿರಗಿರ ತಿರುಗ್ತಿದ್ರೆ ನನ್ನ ಬಟಾಣಿ ಸಾರಿಗೂ ತಲೆ ಸುತ್ತತ್ತೆ," ಎಂದಳು ಚಿಕ್ಕಮ್ಮ.

ನೋಯೆಲಾ ಪತ್ರ ಮುಂದಿಟ್ಟಳು. ಚಿಕ್ಕಮ್ಮ ಓದಿ, ಒಲೆ ಆರಿಸಿದಳು.

"ಅವಳು ಆಲ್ಬರ್ಟೀನ್ ಕಣೆ. ಗಿರಣಿಗೆ ಹೋದಾಗ ಹತ್ತೇ ವರ್ಷ. ಹನ್ನೆರಡು ತುಂಬದೆ ಸೇರಿಸ್ಕೊಳ್ತಿರ್ಲಿಲ್ಲ. ಸತ್ತ ಅಕ್ಕ ಡೆಲ್ಫೀನಳ ಹುಟ್ಟಿದ ವರ್ಷ ಬರೆದಿದ್ದ, ಚರ್ಚಿನ ಜ್ಞಾನಸ್ನಾನದ ಕಾಗದ ಕೊಟ್ಟು ಅಮ್ಮ ಕಳಿಸಿದ್ಲು. ನಮ್ಮ ಬೀದೀಲಿ ಯಾರು ಮಾಡಿಲ್ಲ ಹೇಳು? ಎದುರುಮನೆ ಫಿಲಿಯಾಸ್ ಯಾರೋ ನೆಂಟರ ಹುಡುಗನ ಕಾಗದ ತಂದ. ಅದರ ಪ್ರಕಾರ ಅವನು ಅಪ್ಪ ಅಮ್ಮನ ಮದುವೆಗೆ ಮೊದ್ಲೇ ಹುಟ್ಟಿದ್ದ."

ನೋಯೆಲಾ ನಗಲಿಲ್ಲ. "ಮನೇಲಾದ್ರೂ ಆಲ್ಬರ್ಟೀನ್ ಅನ್ನಬಹುದಿತ್ತಲ್ಲ?"

"ಅಂತಿದ್ವಿ. ಒಂದಿನ ಮೇಸ್ತ್ರಿ ಡೆಲ್ಫೀನ್ ಅಂತ ಕೂಗಿದಾಗ ಇವಳು ತಿರುಗಿ ನೋಡ್ಲಿಲ್ಲ. ಅವನಿಗೆ ಅನುಮಾನ ಬಂತು. ಆವತ್ತಿಂದ ಅಮ್ಮ ಮನೇಲೂ ಆ ಹೆಸರು ನಿಲ್ಲಿಸಿಬಿಟ್ಲು."

"ಅವಳಿಗೆ ಬೇಕಿತ್ತಾ ಆ ಹೆಸರು?"

ಚಿಕ್ಕಮ್ಮ ಪತ್ರವನ್ನು ಮಡಚಿಟ್ಟಳು. "ಅವಳ ಹುಟ್ಟಿದ ದಿನ ಕಿವೀಲಿ ಒಂದ್ಸಲ ಹೇಳ್ತಿದ್ದೆ. ಎಂಬತ್ತು ದಾಟಿದ್ಮೇಲೂ ಕೆಂಪಗಾಗ್ತಿದ್ಲು. ಇನ್ನೊಂದ್ಸಲ ಹೇಳೇ ಅಂತಿದ್ಲು."

ನೋಯೆಲಾ ಅಲ್ಲಿಂದಲೇ ಓನೆಸಿಮ್‌ಗೆ ಫೋನು ಮಾಡಿದಳು.

"ಆಲ್ಬರ್ಟೀನ್?" ಎಂದ ಅವನು. "ಅದ್ಯಾರಮ್ಮ? ಗಿರಣಿ ಹೆಂಗಸರು ಹೂ ಇಡೋಕೆ ಬಂದು ಡೆಲ್ಫೀನ್ ಎಲ್ಲಿ ಅಂತ ಹುಡುಕ್ತಾರೆ. ಸಿಗೋದಿಲ್ಲ."

ಅದು ನಿಜವೇ ಆಗಿತ್ತು. ಊರು ಬಲ್ಲ ಹೆಸರು ಒಂದು, ಅವಳು ಕಾದಿದ್ದ ಹೆಸರು ಇನ್ನೊಂದು. ನೋಯೆಲಾ ಫೋನಿನ ತಂತಿಯನ್ನು ಬೆರಳಿಗೆ ಸುತ್ತಿದಳು, ಬಿಡಿಸಿದಳು, ಮತ್ತೆ ಸುತ್ತಿದಳು.

"ನನ್ನನ್ನ ಬಂದು ಕೇಳ್ಲಿ," ಎಂದಳು. "ಒಬ್ಬೊಬ್ಬರಿಗೂ ಹೇಳ್ತೀನಿ. ನೀವು ಬರ್ಕೊಳ್ಳಿ."

ಅಕ್ಷರಗಳನ್ನು ಒಂದೊಂದಾಗಿ ಹೇಳತೊಡಗಿದಳು.