ಅತ್ತೆ ಸೋಸಿಕೊಟ್ಟ ನೀರು

ತೊಂಬತ್ತರ ದಶಕದಲ್ಲಿ, ಮದುವೆಯಾಗಿ ಪಾಲಹಳ್ಳಿಗೆ ಬಂದ ಹೊಸದರಲ್ಲಿ, ಹತ್ತಿರದ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಕೆಲಸ ತಾತ್ಕಾಲಿಕ. ಇನ್‌ಸ್ಪೆಕ್ಟರು ಬಂದು ನನ್ನ ಪಾಠ ನೋಡಿ ಒಪ್ಪಿದರೆ ಮುಂದಿನ ವರ್ಷವೂ ಇರುತ್ತೇನೆ, ಇಲ್ಲದಿದ್ದರೆ ಇಲ್ಲ. ಆ ಕೆಲಸವೆಂದರೆ ನನಗೆ ಪ್ರಾಣ.

ಕರೆಂಟು ಹಾಯಿಸಿ ನೀರಿನೊಳಗಿಂದ ಗ್ಯಾಸು ಬಿಡಿಸುವ ಪಾಠ ಆರಿಸಿಕೊಂಡೆ. ಪ್ಲಾಟಿನಂ ತಗಡು ಬಳಸಿ ಎನ್ನುತ್ತದೆ ಪುಸ್ತಕ. ಹೇಳುವುದಕ್ಕೇನು, ನಮ್ಮ ಶಾಲೆಯಲ್ಲಿ ಸೀಮೆಸುಣ್ಣಕ್ಕೇ ಗತಿಯಿರಲಿಲ್ಲ. ಹಳೇ ಟಾರ್ಚ್ ಸೆಲ್ಲು ಒಡೆದು ಅದರೊಳಗಿನ ಕಪ್ಪು ಕಡ್ಡಿಗಳನ್ನು ಬ್ಯಾಟರಿಗೆ ಕಟ್ಟಿ ನೀರಿಗಿಳಿಸಿದೆ. ಗುಳ್ಳೆ ಬಂದವು, ಹೆಸರಿಗೆ ಮಾತ್ರ. ಕಡ್ಡಿಗಳನ್ನು ಹತ್ತಿರ ಸರಿಸಿದರೆ ಸ್ವಲ್ಪ ಜಾಸ್ತಿ. ಹಾಗಾದರೆ ಅಗಲವಾದ ಲೋಹವನ್ನು ಇನ್ನೂ ಹತ್ತಿರ ಇಟ್ಟರೆ? ಅತ್ತೆಯ ಸ್ಟೀಲ್ ಲೋಟಗಳನ್ನು ಕೇಳಿ ತೆಗೆದುಕೊಂಡೆ. ದೊಡ್ಡದರೊಳಗೆ ಚಿಕ್ಕದು, ಒಂದಕ್ಕೊಂದು ತಾಗದಂತೆ ನಡುವೆ ಸೈಕಲ್ ಟ್ಯೂಬಿನ ಚೂರು, ಕರೆಂಟು ಸಲೀಸಾಗಿ ಹರಿಯಲೆಂದು ನೀರಿಗೆ ಬಟ್ಟೆ ಒಗೆಯುವ ಸೋಡ. ಅದೇ ಬ್ಯಾಟರಿಯಲ್ಲಿ ಗುಳ್ಳೆಗಳು ಹಾಲು ಉಕ್ಕಿದ ಹಾಗೆ ಉಕ್ಕಿದವು.

ಅತ್ತೆ ಬಗ್ಗಿ ನೋಡಿದರು. “ನೀರ್ನಾಗೇ ಗ್ಯಾಸ್ ಐತೆ ಅಂದ್ರೆ ನಾನ್ಯಾಕವ್ವ ಇನ್ನೂ ಸೌದೆ ಒಲೆ ಊದ್ತಾ ಕುಂತಿವ್ನಿ?”

“ಬರೋ ಗ್ಯಾಸಿಗಿಂತ ಖರ್ಚಾಗೋ ಕರೆಂಟೇ ಜಾಸ್ತಿ ಅತ್ತೆ.”

“ಅಂಗಾರೆ ಕಮ್ಮಿ ಕರೆಂಟ್ನಾಗೆ ಬರಂಗೆ ಮಾಡು. ಓದಿದ್ದೀಯಲ್ಲ!”

ದೊಡ್ಡ ದೊಡ್ಡ ವಿಜ್ಞಾನಿಗಳು ತಲೆ ಕೆಡಿಸಿಕೊಂಡಿದ್ದ ಪ್ರಶ್ನೆಯನ್ನು ನನಗೆ ವಹಿಸಿ, ಅವರು ಮುದ್ದೆ ತಿರುವಲು ಹೋದರು.

ಸೋಡ ನೀರನ್ನು ಬಾಟಲಿಗೆ ತುಂಬಿಟ್ಟು ಮಾರನೆಯ ದಿನ ಶಾಲೆಗೆ ಒಯ್ದೆ. ಇನ್‌ಸ್ಪೆಕ್ಟರು ಹಿಂದಿನ ಬೆಂಚಿನಲ್ಲಿ ಕೂತರು. ನೀರು ಸುರಿದು ವೈರು ಮುಟ್ಟಿಸಿದೆ. ಗುಳ್ಳೆಯ ಸುಳಿವಿಲ್ಲ. ವೈರು ಬಿಚ್ಚಿದೆ, ಮತ್ತೆ ಕಟ್ಟಿದೆ, ಬೆವೆತೆ. ಕೊನೆಗೆ ಬೆರಳು ಅದ್ದಿ ನೋಡಿದರೆ ಸೋಡ ನೀರಿನ ಜಾರಿಕೆಯೇ ಇಲ್ಲ! ಅಂಗಡಿಗೆ ಓಡಿ ಸೋಡ ತರುವಷ್ಟರಲ್ಲಿ ಅವರು ಎದ್ದು ಹೋಗಿದ್ದರು.

ನನಗೆ ಕೋಪ ಮೂಗಿನ ತುದಿಯಲ್ಲೇ. ಜಗಳಕ್ಕೆ ಸಿದ್ಧಳಾಗಿಯೇ ಮನೆಗೆ ಬಂದೆ. ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು.

“ನೀರು ಚೆಂದಾಗಿತ್ತಾ ಮಗ? ದೊಡ್ಡವ್ರ ಮುಂದೆ ಆ ಗಲೀಜು ಸೋಡದ ನೀರು ಮಡಗೋದಾ ಅಂತ ಚೆಲ್ಬುಟ್ಟು, ಬೇಳೆ ಬೇಯ್ಸಕ್ಕೆ ಹಿಡ್ದಿದ್ದ ಮಳೆನೀರ್ನ ಮೂರ್ಸಲ ಸೋಸಿ ತುಂಬ್ದೆ.”

ಅಚ್ಚ ನೀರಿನಲ್ಲಿ ಕರೆಂಟು ಹರಿಯುವುದಿಲ್ಲ ಎಂದು ಹೇಳಲು ಬಾಯಿ ತೆರೆದವಳು ಆ ಮುಖ ನೋಡಿದೆ. ಅಷ್ಟು ಸಂತೋಷದಲ್ಲಿದ್ದರು. “ಚೆನ್ನಾಗಿತ್ತು ಅತ್ತೆ” ಎಂದೆ.

ಮುಂದಿನ ವರ್ಷ ನನ್ನನ್ನು ಕರೆಯಲಿಲ್ಲ. ಅಳುತ್ತಾ ಕೂತಿದ್ದ ನನ್ನ ತಲೆಯನ್ನು ಅತ್ತೆ ಮಡಿಲಿಗೆ ಎಳೆದುಕೊಂಡು ಆ ಇನ್‌ಸ್ಪೆಕ್ಟರಿಗೆ ಶಾಪ ಹಾಕಿದರು. “ಅವನ ಮನೆ ಹಾಳಾಗ! ಅಷ್ಟೊಳ್ಳೆ ನೀರು ಕೊಟ್ಟು ಕಳಿಸಿದ್ರೂ ನನ್ ಮಗೀಗೆ ಕೆಲ್ಸ ಕೊಡ್ನಿಲ್ವಲ್ಲ!”