ಅರ್ಧಕ್ಕೆ ನಿಂತ ಗೆರೆ

ನಮ್ಮ ದೇಶದವನೊಬ್ಬ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗುತ್ತಾನೆಂದು ಸುದ್ದಿಯಾದ ವಾರದಲ್ಲೇ ಹುಣಸೂರಿನ ಒಂದು ಖಾಸಗಿ ಶಾಲೆಯ ಅಧ್ಯಕ್ಷರು ನನ್ನ ಸ್ಟುಡಿಯೋಗೆ ಬಂದು ಕುಳಿತರು.

‘ಸಿದ್ಧತೆಯಿಂದ ಹಿಡ್ದು ಆಯಪ್ಪ ವಾಪಸ್ ಇಳಿಯೋಗಂಟ ಒಂದು ಆಲ್ಬಮ್ ಮಾಡ್ಬೇಕು ಕಣ್ರೀ. ಮದ್ವೆ ಆಲ್ಬಮ್ ಇದ್ದಂಗಿರ್ಬೇಕು. ಇಳಿಯೋ ದಿವ್ಸ ಶಾಲೇಲಿ ಪ್ರದರ್ಶನ ಇಟ್ಕೊಂಡಿದೀವಿ.’

ರಾಕೆಟ್ ಏರುವುದು ಅಮೆರಿಕದಲ್ಲಿ, ಅವರು ಬಂದು ಬೀಳುವುದು ಅಲ್ಲಿಯದೇ ಸಮುದ್ರದಲ್ಲಿ, ನಾನಿರುವುದು ಹುಣಸೂರಿನ ಬಸ್‌ಸ್ಟ್ಯಾಂಡಿನ ಹಿಂದೆ. ಯಾವುದರ ಫೋಟೋ ತೆಗೆಯಲಿ ಸಾರ್ ಎಂದು ಕೇಳಿದೆ.

‘ನಮ್ದು ತಗೀರಿ’ ಎಂದರು.

ಒಪ್ಪಿಕೊಂಡೆ. ಆ ಶಾಲೆಯ ಗ್ರೂಪ್ ಫೋಟೋ, ಗುರುತಿನ ಚೀಟಿ, ವಾರ್ಷಿಕೋತ್ಸವ ಎಲ್ಲವೂ ಹದಿನಾಲ್ಕು ವರ್ಷದಿಂದ ನನ್ನ ಕೈಯಲ್ಲೇ ಇದ್ದವು. ಮದುವೆ ಇಲ್ಲದ ತಿಂಗಳುಗಳಲ್ಲಿ ನನ್ನ ಸ್ಟುಡಿಯೋ ಬಾಗಿಲು ತೆರೆದಿರುತ್ತಿದ್ದದ್ದೇ ಆ ಶಾಲೆಯಿಂದ. ಅವರ ಮಾತು ತೆಗೆದುಹಾಕುವ ಸ್ಥಿತಿ ನನ್ನದಲ್ಲ ಎಂಬುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಏರುವ ದಿನ ಮುಂದಕ್ಕೆ ಹೋಗುತ್ತಲೇ ಇತ್ತು. ಒಮ್ಮೆ ಅಲ್ಲಿ ಗಾಳಿ ಸರಿಯಿಲ್ಲ ಎಂದರು, ಇನ್ನೊಮ್ಮೆ ಯಾವುದೋ ಸೋರಿಕೆ ಎಂದರು. ಇಲ್ಲಿ ಪ್ರತಿ ಸಲವೂ ಮಕ್ಕಳಿಗೆ ಬೆಳ್ಳಿ ಬಣ್ಣದ ಕಾಗದ ಸುತ್ತಿ, ತಲೆಗೆ ಪ್ಲಾಸ್ಟಿಕ್ ಡಬ್ಬಿ ಕವುಚಿ ನಿಲ್ಲಿಸುತ್ತಿದ್ದರು. ಮಕ್ಕಳು ಬೆವೆತು ಕಾಗದ ಮೈಗಂಟಿಕೊಳ್ಳುತ್ತಿತ್ತು. ರಾಕೆಟ್ ಏರದಿದ್ದರೇನು, ಅಧ್ಯಕ್ಷರು ವೇದಿಕೆ ಏರುವುದು ತಪ್ಪಲಿಲ್ಲ. ಹಾರ, ಶಾಲು, ಭಾಷಣ. ಕೊನೆಗೊಂದು ದಿನ ರಾಕೆಟ್ ನಿಜವಾಗಿಯೇ ಏರಿತು. ಆಗ ಶಾಲೆಯ ಹಾಲಿನಲ್ಲಿ ಎಲ್ಲರೂ ನೇರಪ್ರಸಾರದ ಪರದೆಗೆ ಬೆನ್ನು ಹಾಕಿ ನನ್ನ ಕ್ಯಾಮೆರಾ ಕಡೆ ನೋಡುತ್ತಿದ್ದರು. ಪರದೆಯಲ್ಲಿ ಬಂದದ್ದರ ಫೋಟೋ ಹೊಡೆಯುವುದೆಂದರೆ ಇನ್ನೊಬ್ಬರು ಉಂಡ ಎಲೆಗೆ ಕೈ ಹಾಕಿದ ಹಾಗೆ. ಹೊಡೆದೆ.

ಶಾಲೆಯ ವಿಜ್ಞಾನದ ಮೇಷ್ಟ್ರು ಒಂದು ಮಾತು ಆಡಿದ್ದರು. ಆ ಬಾಹ್ಯಾಕಾಶ ನಿಲ್ದಾಣ ಕೆಲವು ದಿನ ಮುಸ್ಸಂಜೆಯಲ್ಲಿ ನಮ್ಮ ಮೇಲೇ ಹಾದುಹೋಗುತ್ತದೆ, ಬರಿಗಣ್ಣಿಗೇ ಕಾಣುತ್ತದೆ ಎಂದು. ಹಾಗಾದರೆ ನಾನು ತೆಗೆಯುತ್ತೇನೆ ಎಂದೆ. ಅವರು ನಕ್ಕರು.

‘ಅದಕ್ಕೆಲ್ಲ ಟೆಲಿಸ್ಕೋಪ್ ಬೇಕು ಸ್ವಾಮಿ. ಮದುವೆ ಕ್ಯಾಮೆರಾದಲ್ಲಿ ಆಗೋ ಕೆಲಸ ಅಲ್ಲ. ನೀವು ಎಷ್ಟನೇ ಕ್ಲಾಸು ಓದಿರೋದು?’

ಏಳನೇ ಕ್ಲಾಸು. ಆಮೇಲೆ ಕೆ.ಆರ್. ನಗರದ ಒಂದು ಸ್ಟುಡಿಯೋದ ಡಾರ್ಕ್‌ರೂಮಿನಲ್ಲಿ ಟ್ರೇ ತೊಳೆದು ಕೆಲಸ ಕಲಿತವನು ನಾನು. ಶಟರ್ ತೆರೆದು ಬಿಟ್ಟರೆ ಓಡುವ ಬೆಳಕು ಗೆರೆಯಾಗಿ ಬೀಳುತ್ತದೆ ಎಂಬುದನ್ನು ಈ ಮೇಷ್ಟ್ರು ಪುಸ್ತಕದಲ್ಲಿ ಓದುವ ಮೊದಲೇ ನಾನು ಪಿರಿಯಾಪಟ್ಟಣದ ಮೆರವಣಿಗೆಗಳ ಬಾಣಬಿರುಸಿನ ಮೇಲೆ ಮಾಡಿ ನೋಡಿದ್ದೆ. ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ. ಹೇಳಿ ಪ್ರಯೋಜನವಿಲ್ಲದವರು ಕೆಲವರಿರುತ್ತಾರೆ.

ಮೊದಲ ಸಲ ನಿಲ್ದಾಣ ಹಾಯುವಾಗ ಮಳೆ ಮೋಡ. ಎರಡನೆಯ ಸಲ ಹನಗೋಡಿನ ಬಳಿ ಹೊಳೆ ದಂಡೆಗೆ ಹೋದೆ. ಬೀದಿ ದೀಪ ಕಣ್ಣಿಗೆ ಹೊಡೆಯುತ್ತಿತ್ತು. ಅಲ್ಲಿನವರಿಗೆ ಕೈಮುಗಿದು, ಹತ್ತು ನಿಮಿಷ ದೀಪ ಆರಿಸ್ರಪ್ಪ, ನಮ್ಮವನು ಮೇಲೆ ಹೋಗುತ್ತಾನೆ ಎಂದೆ. ಪಾಪ, ಆರಿಸಿದರು. ಆರಿಸಿದ ಮೇಲೆ ಕತ್ತಲಾಯಿತೆಂದು ಮನೆಮಂದಿಯೆಲ್ಲ ಮೊಬೈಲ್ ಟಾರ್ಚ್ ಹಚ್ಚಿಕೊಂಡು ಈಚೆ ಬಂದರು.

‘ಎಲ್ಲಿ? ಎಲ್ಲಣ್ಣ ಓಯ್ತಾವ್ನೆ?’ ಎಂದು ಒಬ್ಬ ನನ್ನ ಲೆನ್ಸಿಗೇ ಟಾರ್ಚ್ ಬಿಟ್ಟು ಕೇಳಿದ.

‘ನಿನ್ ತಲೆ ಮ್ಯಾಲೆ ಕಣ್ಲಾ’ ಎಂದೆ. ಅವನು ನಿಜವಾಗಿಯೂ ತನ್ನ ತಲೆ ಮುಟ್ಟಿ ನೋಡಿಕೊಂಡ.

ನಮ್ಮವನು ಇಳಿಯುವುದಕ್ಕೆ ಕೆಲವೇ ದಿನ ಉಳಿದಿತ್ತು. ವೀರನಹೊಸಹಳ್ಳಿ ಆಚೆ, ಕಾಡಂಚಿನ ಗಿರಿಜನರ ಹಾಡಿಯಲ್ಲಿ ನನ್ನ ಪರಿಚಯದವನೊಬ್ಬನಿದ್ದಾನೆ. ಹೊಗೆಸೊಪ್ಪಿನ ಹೊಲಗಳಲ್ಲಿ ಕೂಲಿ ಮಾಡುತ್ತಾನೆ. ಅವನ ಮಗಳ ಮದುವೆಗೆ ನಾನೇ ಫೋಟೋ ತೆಗೆದಿದ್ದು. ಫೋನ್ ಮಾಡಿ ಮೋಡ ಕೇಳಿದೆ. ‘ಸಂಜೀಕ್ ಬುಡ್ತದೆ ಕಣಣ್ಣ, ಬಾ’ ಎಂದ. ಟಿ.ವಿ.ಯವರು ಮಳೆ ಎಂದಿದ್ದರು. ನಾನು ಇವನನ್ನು ನಂಬಿ ಹೋದೆ.

ಆನೆ ಕಂದಕದ ಈಚೆ ಟ್ರೈಪಾಡ್ ನಿಲ್ಲಿಸಿದೆ. ಮೋಡ ಬಿಟ್ಟಿತ್ತು. ಹೊತ್ತಿಗೆ ಸರಿಯಾಗಿ ಪಶ್ಚಿಮದಲ್ಲಿ ಒಂದು ಚುಕ್ಕೆ ಎದ್ದಿತು. ಮಿಣುಕುವುದಿಲ್ಲ, ಸದ್ದಿಲ್ಲ, ಅವಸರವಿಲ್ಲ. ಶಟರ್ ತೆರೆದೆ. ಚುಕ್ಕೆ ನೆತ್ತಿ ದಾಟಿ ಮೂಡಲಿಗೆ ತಿರುಗಿದ್ದೇ ಕೆಂಪಗಾಗಿ, ಮಂಕಾಗಿ, ನಾವು ನೋಡುತ್ತಿರುವಾಗಲೇ ಇಲ್ಲವಾಯಿತು. ಅಲ್ಲಿ ಮೋಡವಿರಲಿಲ್ಲ, ಸುತ್ತ ನಕ್ಷತ್ರಗಳಿದ್ದವು. ಪಕ್ಕದಲ್ಲಿ ನಿಂತಿದ್ದ ಅವನ ಕಡೆ ತಿರುಗಿದೆ.

‘ಏನಾಯ್ತಲಾ?’

‘ನೆಳ್ಳಿಗೋಯ್ತು ಕಣಣ್ಣ’ ಎಂದ ಅವನು, ಬೀಡಿ ಹಚ್ಚುತ್ತಾ. ‘ಸಂಜೆ ಬೆಳ್ಳಕ್ಕಿ ಸಾಲು ಓಯ್ತವಲ್ಲ, ನೋಡಿಲ್ವಾ? ನಮ್ಗೆ ಕೆಳ್ಗೆ ಕತ್ಲಾಗಿದ್ರೂ ಅವುಕ್ಕೆ ಮ್ಯಾಲೆ ಬಿಸ್ಲು ಬಡೀತಿರ್ತದೆ, ಒಳೀತಾ ಇರ್ತವೆ. ಒಸಿ ಮುಂದ್ಕೋದ್ರೆ ಅವೂ ಕಪ್ಪಾಯ್ತವೆ. ಇದೂ ಅಂಗೇಯ. ಇನ್ನೂ ಮ್ಯಾಲದೆ, ಅಷ್ಟೆ.’

ಕ್ಯಾಮೆರಾದಲ್ಲಿ ನೋಡಿದೆ. ಕಾಡಿನ ಕಪ್ಪು ಅಂಚಿನಿಂದ ಎದ್ದ ಬಿಳಿ ಗೆರೆ ಆಕಾಶದ ನಡುವೆ ಸಣ್ಣಗಾಗಿ ಮುಗಿದಿತ್ತು. ಆ ಗೆರೆಯೊಳಗೆ ಜೀವಂತ ಮನುಷ್ಯರಿದ್ದರು, ಅವರಲ್ಲಿ ಒಬ್ಬ ನಮ್ಮವನು. ನಲವತ್ತು ವರ್ಷದ ಕಸುಬಿನಲ್ಲಿ ನಾನು ತೆಗೆದ ಒಳ್ಳೆಯ ಫೋಟೋ ಅದೇ.

ಪ್ರಿಂಟ್ ಹಾಕಿಸಿ ಶಾಲೆಗೆ ಒಯ್ದೆ. ಮೇಷ್ಟ್ರು ಕನ್ನಡಕ ಏರಿಸಿ, ‘ವಿಮಾನ ಇರಬೇಕು’ ಎಂದರು. ವಿಮಾನದ ದೀಪ ಮಿಣುಕಿದರೆ ಗೆರೆ ಚುಕ್ಕೆ ಚುಕ್ಕೆಯಾಗಿ ಬೀಳುತ್ತದೆ ಎಂದೆ. ‘ಹಾಗಾದರೆ ಎಡಿಟ್ ಮಾಡಿದೀರಿ, ಅರ್ಧಕ್ಕೇ ನಿಲ್ಲೋದು ಹೇಗೆ?’ ಎಂದರು. ನೆರಳಿನ ಮಾತು ಹೇಳಿದೆ. ಅವರು ಅಧ್ಯಕ್ಷರ ಮುಖ ನೋಡಿ ಪ್ರಿಂಟನ್ನು ಅವರ ಕಡೆ ಸರಿಸಿದರು.

ಅಧ್ಯಕ್ಷರ ಚಿಂತೆಯೇ ಬೇರೆ. ‘ಗೆರೆ ಮಧ್ಯಕ್ಕೇ ನಿಂತೋಗಿದೆಯಲ್ರೀ. ಆಯಪ್ಪ ಇನ್ನೂ ಇಳ್ದಿಲ್ಲ, ಅಲ್ಲೇ ಬಿದ್ದೋದ ಅನ್ನೋ ಅಂಗಿದೆ. ಅಪಶಕುನ. ಆ ಕಡೆ ಅಂಚಿನಗಂಟ ಎಳ್ದು ಪೂರ್ತಿ ಮಾಡ್ಕೊಡಿ.’

‘ಇಲ್ಲದ್ದನ್ನ ನಾನು ಎಳೆಯಲ್ಲ ಸಾರ್.’

‘ಓಹೋ! ನಮ್ಮಪ್ಪನ ಫೋಟೋಗೆ ಪೇಟ ಕೂರಿಸ್ಕೊಟ್ಟೋರು ನೀವೇ ತಾನೆ?’

ನಿಜ. ಕೂರಿಸಿದ್ದೇನೆ. ಮದುವೆ ಹೆಣ್ಣುಗಳ ಮೊಡವೆ ಅಳಿಸಿದ್ದೇನೆ, ಸತ್ತವರಿಗೆ ಕಣ್ಣು ಬಿಡಿಸಿದ್ದೇನೆ. ಅದು ಹೊಟ್ಟೆಪಾಡು, ಯಾವತ್ತೂ ಮುಚ್ಚಿಟ್ಟವನಲ್ಲ.

‘ಪೇಟ ನಿಮ್ಮಪ್ಪೋರ್ದು, ಏನ್ ಬೇಕಾದ್ರೂ ಮಾಡಿಸ್ಕೊಳಿ. ಆಕಾಶ ನಿಮ್ಮಪ್ಪೋರ್ದಲ್ಲ.’

ಅಧ್ಯಕ್ಷರು ಪ್ರಿಂಟನ್ನು ಮೇಜಿನ ಡ್ರಾಯರಿಗೆ ಹಾಕಿ, ‘ಈ ವರ್ಷದ ಗ್ರೂಪ್ ಫೋಟೋ ವಿಚಾರ ಆಮೇಲೆ ಮಾತಾಡೋಣ’ ಎಂದರು. ಬೆದರಿಕೆ ಎಂದರೆ ಇಷ್ಟೇ ಸಾಕು, ಅರ್ಥವಾಗುತ್ತದೆ.

ಇಳಿಯುವ ದಿನ ಶಾಲೆಯ ಗೇಟಿನ ಮೇಲೆ ದೊಡ್ಡ ಫ್ಲೆಕ್ಸ್. ನನ್ನ ಪ್ರಿಂಟನ್ನೇ ಸ್ಕ್ಯಾನ್ ಮಾಡಿಸಿದ್ದರು. ಗೆರೆಯನ್ನು ಎಳೆದೂ ಎಳೆದೂ ಅಧ್ಯಕ್ಷರ ನೆತ್ತಿಯ ಮೇಲೆ ಕಮಾನು ಮಾಡಿದ್ದರು, ತುದಿಗೊಂದು ರಾಕೆಟ್ಟು, ರಾಕೆಟ್ಟಿಗೆ ಬೆಂಕಿ. ಕೈಮುಗಿದ ಅಧ್ಯಕ್ಷರು ಪಕ್ಕದಲ್ಲಿದ್ದ ಗಗನಯಾತ್ರಿಗಿಂತ ಎರಡು ಪಟ್ಟು ದೊಡ್ಡದಾಗಿದ್ದರು. ಕೆಳಗೆ ‘ಛಾಯಾಚಿತ್ರ’ ಎಂದು ಬರೆದು ನನ್ನ ಹೆಸರು, ಸ್ಟುಡಿಯೋ ಹೆಸರು.

ಸೆಕ್ಯುರಿಟಿಯವನ ಕುರ್ಚಿ ಎಳೆದುಕೊಂಡು ಹತ್ತಿದೆ. ಬ್ಯಾಗಿನಲ್ಲಿ ಪ್ರಿಂಟ್ ಕತ್ತರಿಸುವ ಬ್ಲೇಡು ಇತ್ತು. ನನ್ನ ಹೆಸರಿನ ಸುತ್ತ ಚೌಕವಾಗಿ ಕುಯ್ದು ತೆಗೆದೆ. ಬೇರೇನೂ ಮುಟ್ಟಲಿಲ್ಲ.

‘ಏನ್ರೀ ಇದು! ತಲೆ ನೆಟ್ಗಿದೆಯೇನ್ರೀ?’ ಅಧ್ಯಕ್ಷರು ಓಡಿ ಬಂದರು.

‘ಹೆಸ್ರು ನಂದು ಸಾರ್, ತಗೊಂಡೆ. ಮಿಕ್ಕಿದ್ದೆಲ್ಲ ನಿಮ್ದೇ.’

‘ಇನ್ಮೇಲೆ ಈ ಗೇಟೊಳಿಕ್ಕೆ ಕಾಲಿಕ್ಬೇಡಿ!’ ಎಂದು ಕೂಗಿದವರು, ಗಡಿಯಾರ ನೋಡಿ ದನಿ ಇಳಿಸಿದರು. ‘ನಾನೀಗ ಪಿರಿಯಾಪಟ್ಟಣದಲ್ಲಿ ಒಂದು ಉದ್ಘಾಟನೆಗೆ ಹೋಗ್ಬೇಕು. ಬೇಗ ಆ ಚಪ್ಪಾಳೆ ಫೋಟೋ ತಗ್ದುಬುಡಿ.’

ಮೇಲಿನವರು ಇನ್ನೂ ಮೇಲೇ ಇದ್ದರು. ಇಲ್ಲಿ ಇಪ್ಪತ್ತು ಜನ ಸಾಲಾಗಿ ನಿಂತು, ಆತ ಕ್ಷೇಮವಾಗಿ ಇಳಿದನೆಂದು ಹಲ್ಲು ಕಿರಿದು ಚಪ್ಪಾಳೆ ತಟ್ಟಿದರು. ಒಪ್ಪಿಕೊಂಡ ಕೆಲಸ ಬಿಡುವವನು ನಾನಲ್ಲ, ತೆಗೆದೆ. ಅಪಶಕುನಕ್ಕೆ ಹೆದರಿದವರು ಇವರೇ.

ನಿಜವಾಗಿ ಇಳಿಯುವ ಹೊತ್ತಿಗೆ ಹಾಲಿನಲ್ಲಿ ಉಳಿದಿದ್ದವರು ಮೇಷ್ಟ್ರು, ಕುರ್ಚಿ ಜೋಡಿಸುತ್ತಿದ್ದ ಆಯಾ ಮತ್ತು ನಾನು. ಪರದೆಯಲ್ಲಿ, ತಳ ಹತ್ತಿದ ಮುದ್ದೆ ಪಾತ್ರೆಯ ಹಾಗೆ ಕರ್ರಗಾಗಿದ್ದ ಅವರ ಗೂಡು ದೊಡ್ಡ ಪ್ಯಾರಾಚೂಟ್ ಕೊಡೆಗಳಿಗೆ ಜೋತು ಬಂದು ನೀರಿಗೆ ಬಿತ್ತು. ಆಯಾ ಕುರ್ಚಿ ಹಿಡಿದುಕೊಂಡೇ ನಿಂತಳು. ‘ಬಂದ್ನಲ್ಲಪ್ಪ ಸದ್ಯ’ ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಪರದೆ ಬಿಟ್ಟು ಅವಳ ಫೋಟೋ ತೆಗೆದೆ.

ಮೇಷ್ಟ್ರು ಮೆಲ್ಲಗೆ ಪಕ್ಕಕ್ಕೆ ಬಂದರು. ‘ನೆರಳು ಅಂತ ನನಗೆ ಗೊತ್ತಿತ್ತು ಕಣ್ರೀ.’

‘ಗೊತ್ತಿದ್ದೋರು ಯಾಕೆ ಹೇಳ್ಲಿಲ್ಲ?’

‘ನನಗೂ ಕೆಲಸ ಬೇಕಲ್ರೀ.’

ಟ್ರೈಪಾಡ್ ಮಡಚಿದೆ. ಮಾರನೆಯ ವಾರ ಆಲ್ಬಮ್ ಕೊಟ್ಟು ಬಂದೆ. ಅರ್ಧಕ್ಕೆ ನಿಂತ ಗೆರೆ ಅದರಲ್ಲಿ ಅರ್ಧಕ್ಕೇ ನಿಂತಿದೆ, ಎದುರು ಪುಟದಲ್ಲಿ ಆಯಾ ಇದ್ದಾಳೆ. ಯಾರಾದರೂ ಬಿಚ್ಚಿ ನೋಡಿದರೋ ಇಲ್ಲವೋ ತಿಳಿಯದು.

ಈ ವರ್ಷ ಅವರ ಗ್ರೂಪ್ ಫೋಟೋವನ್ನು ಬೇರೆ ಯಾರೋ ತೆಗೆದರು. ಫ್ರೇಮ್ ಹಾಕಿಸಲು ಒಬ್ಬ ಪೋಷಕರು ನನ್ನಲ್ಲಿಗೇ ತಂದಿದ್ದರು. ಹಿಂದಿನ ಸಾಲಿನ ಮಕ್ಕಳಿಗೆಲ್ಲ ಹುಬ್ಬಿನಿಂದ ಮೇಲಕ್ಕೆ ತಲೆಯಿಲ್ಲ. ಮುಂದಿನ ಸಾಲಿನ ನಡುವೆ ಅಧ್ಯಕ್ಷರು ಮಾತ್ರ ಪಾದದಿಂದ ನೆತ್ತಿಯವರೆಗೆ ಪೂರ್ತಿ ಇದ್ದಾರೆ. ಫ್ರೇಮನ್ನು ಅಚ್ಚುಕಟ್ಟಾಗಿಯೇ ಹಾಕಿಕೊಟ್ಟೆ.