ಎರಡು ಮೊಳೆಗಳ ನಡುವಿನ ಮಾರು

ಬಂದರಿನ ಹಗ್ಗದಂಗಡಿಯ ಗೋಡೆಯಲ್ಲಿ ಎರಡು ಮೊಳೆಗಳಿವೆ. ನಲವತ್ತು ವರ್ಷಗಳ ಹಿಂದೆ ಕೆಲಸಕ್ಕೆ ಸೇರಿದ ದಿನ ಹಗ್ಗದಣ್ಣ ಎರಡೂ ತೋಳು ಚಾಚಿ ನಿಂತು, ಬೆರಳ ತುದಿಗಳಿಗೆ ಸರಿಯಾಗಿ ಹೊಡೆಸಿದ್ದು. ಒಂದು ಮಾರು. ಅಲ್ಲಿಂದಾಚೆಗೆ ಟೇಪು ಮುಟ್ಟಿದವನಲ್ಲ, ಮೊಳೆಗೆ ಹಿಡಿದು ನೋಡಿದವನೂ ಅಲ್ಲ; ತೋಳು ಚಾಚಿಯೇ ಅಳೆಯುತ್ತಿದ್ದ. ಯಾರಾದರೂ ತಂದುಕೊಟ್ಟರೆ, "ಅದನ್ನ ನಿಮ್ಮ ದರ್ಜಿಗೆ ಕೊಡಿ" ಎನ್ನುತ್ತಿದ್ದ. ಮಾರಿಗೊಂದು ಗಂಟು ಹಾಕಿ ಅವನು ಕೊಟ್ಟ ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಇಳಿಬಿಟ್ಟು, ಮುಳುಗಿದ ಗಂಟು ಎಣಿಸಿಯೇ ದೋಣಿಯವರು ನೀರಿನ ಆಳ ತಿಳಿಯುತ್ತಿದ್ದರು.

ಹೋದ ವಾರ ಒಂದು ದೋಣಿ ಹಾಗೆಯೇ ಗಂಟು ಎಣಿಸಿ, ಆಳವಿದೆಯೆಂದು ನುಗ್ಗಿ, ಮರಳಿಗೆ ಕಚ್ಚಿಕೊಂಡಿತು. ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು. ದೋಣಿಯವನು ಬೈಯಲೂ ಇಲ್ಲ. ಹಗ್ಗವನ್ನು ತಂದು ಮೊಳೆಗಳ ನಡುವೆ ಹಿಡಿದು ತೋರಿಸಿ, ಇಟ್ಟುಹೋದ. ಪ್ರತಿ ಮಾರಿಗೂ ನಾಲ್ಕು ಬೆರಳು ಕಡಿಮೆ! ಹಗ್ಗದಣ್ಣನ ಎಡಭುಜ ಯಾವಾಗಲೋ ಬಿಗಿದುಕೊಂಡಿತ್ತು, ತೋಳು ಪೂರ್ತಿ ಚಾಚುತ್ತಿರಲಿಲ್ಲ. ಅದನ್ನು ಅವನು ತನಗೇ ಹೇಳಿಕೊಂಡಿರಲಿಲ್ಲ, ಅಷ್ಟೆ. ಭೂಮಿ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು. "ಇನ್ನು ಹಗ್ಗ ಮುಟ್ಟಲ್ಲ" ಎಂದು ಮನೆಯಲ್ಲಿ ಕೂತುಬಿಟ್ಟ.

ಮಗಳು ನಿಘಂಟು ಅಚ್ಚಾಗುವ ಪ್ರೆಸ್ಸಿನಲ್ಲಿ ಕರಡು ತಿದ್ದುವವಳು. ಎತ್ತರದ ಹುಡುಗಿ, ಮನೆಯಲ್ಲಿ ಅವಳ ಹೆಸರು ಏಣಿ. ಒಂದು ಸಂಜೆ ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು.

"ಅಪ್ಪ, ನಿನ್ನ ಮಾರಿಗೆ ಇಂಗ್ಲಿಷಲ್ಲೂ ಒಂದು ಹಳೇ ಮಾತಿದೆ. ಫ್ಯಾದಮ್ ಅಂತ. ಈಗ ಅದು ಆರಡಿ. ಮೊದಲು ಏನರ್ಥ ಇತ್ತು ಗೊತ್ತಾ? ಚಾಚಿದ ತೋಳು. ತಬ್ಬಿಕೊಳ್ಳೋದು."

"ಏನಂದೆ?"

"ತಬ್ಬಿಕೊಳ್ಳೋದು! ಅದೇ ಮಾತು ಆಮೇಲೆ ನೀರಿನ ಆಳದ ಅಳತೆ ಆಯ್ತು. ಒಂದು ವಿಷಯದ ಆಳ ತಿಳ್ಕೊಳ್ಳೋದಕ್ಕೂ ಈಗ ಅದನ್ನೇ ಹೇಳ್ತಾರೆ."

ಹಗ್ಗದಣ್ಣನ ಮೈ ಜುಮ್ಮೆಂದಿತು. ಸಾವಿರ ವರ್ಷದ ಹಿಂದೆ, ಕಂಡು ಕೇಳದ ಯಾವುದೋ ದಡದಲ್ಲಿ, ತನ್ನ ಹಾಗೇ ತೋಳು ಚಾಚಿ ನಿಂತವರು! ತಳ ಕಾಣದ ಕಡಲನ್ನು ಅಳೆಯಲು ಅವರಿಗೆ ಸಿಕ್ಕಿದ್ದು ಮಗುವನ್ನು ತಬ್ಬುವ ತೋಳು. ನಲವತ್ತು ವರ್ಷ ತಾನೂ ಅದನ್ನೇ ಮಾಡಿದ್ದು, ಗೊತ್ತಿಲ್ಲದೆ. ತನ್ನ ಕೈಗಳನ್ನು ನೋಡಿಕೊಂಡ, ಆಮೇಲೆ ಮಗಳ ಉದ್ದನೆಯ ತೋಳುಗಳನ್ನು.

"ಏಣಿ, ನಾಳೆ ರಜಾ ಹಾಕು" ಎಂದ.

ಬೆಳಿಗ್ಗೆ ಅಂಗಡಿಯ ಗೋಡೆಗೆ ಅವಳನ್ನು ನಿಲ್ಲಿಸಿದ. ಅವಳು ತೋಳು ಚಾಚಿದಳು. ಬೆರಳ ತುದಿಗಳು ಎರಡೂ ಮೊಳೆಗಳಿಗೆ ತಾಗಿದವು. ದೋಣಿಯವನು ಇಟ್ಟುಹೋದ ಹಗ್ಗದ ಹಳೆಯ ಗಂಟುಗಳನ್ನೆಲ್ಲ ಬಿಚ್ಚಿದರು. ಅವಳು ಅಳೆದಳು, ಅವನು ಗಂಟು ಹಾಕಿದ.

ದೋಣಿಯವನು ಬಂದು ಹಗ್ಗವನ್ನು ಮೊಳೆಗಳ ನಡುವೆ ಹಿಡಿದು ನೋಡಿದ. ಎಳೆದೂ ನೋಡಿದ. "ಸರಿಯಾಗಿದೆ. ಯಾರ ಮಾರು ಇದು?"

"ನಮ್ಮದೇ" ಎಂದ ಹಗ್ಗದಣ್ಣ.

ದೋಣಿಯವನು ಹಗ್ಗವನ್ನು ಹೆಗಲಿಗೇರಿಸಿಕೊಂಡು ನೀರಿನ ಕಡೆ ನಡೆದ.